ದಾಸಿ ಹಿಡಿದ ಚೀಲ

ನೇಪಲ್ಸಿನ ಚಿತ್ರಕಾರರಿಗೆ ಆಗ ಜೂಡಿತಳ ಹುಚ್ಚು ಹಿಡಿದಿತ್ತು. ಧರ್ಮಗ್ರಂಥದ ಕಥೆಯಲ್ಲಿ ಶತ್ರು ಸೇನಾಪತಿಯ ಡೇರೆ ಹೊಕ್ಕು ಅವನ ತಲೆ ಕಡಿದು ತಂದ ವಿಧವೆ. ಧಣಿಗಳ ಗೋಡೆಗೆಲ್ಲ ಅವಳೇ ಬೇಕು. ಜೂಡಿತಳಾಗಿ ನಿಲ್ಲಲು ಚೆಲುವೆಯರಿಗೇನು ಬರ! ಪಕ್ಕದಲ್ಲಿ ಆ ತಲೆಯ ಚೀಲ ಹಿಡಿಯುವ ಮುದಿ ದಾಸಿಗೆ ಮಾತ್ರ ಅಗಸಗಿತ್ತಿ ಕಾರ್ಮೋಸೀನಳೇ ಆಗಬೇಕಿತ್ತು.

"ನಿನ್ನ ಪಕ್ಕ ನಿಂತ್ರೆ ಕತ್ತೇನೂ ಜೂಡಿತ್ ಥರ ಕಾಣ್ತದೆ ಕಣಜ್ಜಿ," ಎನ್ನುತ್ತಿದ್ದ ಚಿತ್ರಕಾರ ತಿಬೇರಿಯೊ.

"ಥೂ, ಯಾರಿಗೆ ಕತ್ತೆ ಅಂದ್ರಿ?" ಎಂದು ಜೂಡಿತಳಾಗಿ ನಿಂತ ದಿಯನೋರ ಸಿಡುಕುತ್ತಿದ್ದಳು.

ಆ ಬೇಸಿಗೆಯಲ್ಲಿ ಬ್ರೆಡ್ಡಿಗಾಗಿ ದಂಗೆಯಾಯಿತು. ಕಲ್ಲೆಸೆದನೆಂದು ಕಾರ್ಮೋಸೀನಳ ತಮ್ಮ ಅನಿಯೆಲ್ಲೋನನ್ನು ಊರನ್ನಾಳುವ ವೈಸರಾಯನ ಆಳುಗಳು ಹಿಡಿದು ಸಂತೆಮಾಳದಲ್ಲಿ ತಲೆ ಕಡಿದರು. ಮುಂಡವನ್ನು ಬಿಳಿ ಮುಸುಕಿನ ಧರ್ಮಸಂಘದವರು ಹೂತರು. ತಲೆಯನ್ನು ಮಾತ್ರ ಕಡಿದ ಕಟುಕನೇ ತಿಬೇರಿಯೋಗೆ ಮಾರಿಬಿಟ್ಟ. ಚಿತ್ರಕ್ಕೆ ಹಸಿ ತಲೆಯೇ ಬೇಕಿತ್ತಂತೆ.

ಆ ಊರಿನಲ್ಲಿ ಸತ್ತವರಿಗೆ ತಲೆಯೇ ಎಲ್ಲ. ಬುರುಡೆಗೆ ದೀಪ ಹಚ್ಚಿ, ಹೆಸರು ಹಿಡಿದು ಮಾತಾಡಿಸಿದರೇನೇ ಆತ್ಮದ ಉರಿ ತಣಿಯುವುದು. ಬುರುಡೆಯಿಲ್ಲದ ಅನಿಯೆಲ್ಲೋ ಸತ್ತವರ ಪಾಪ ಸುಡುವ ಶುದ್ಧಿಯ ಬೆಂಕಿಯಲ್ಲಿ ಬೇಯುತ್ತಲೇ ಇರಬೇಕು. ಕಾರ್ಮೋಸೀನ ಓಡಿಹೋಗಿ ತಿಬೇರಿಯೋನ ಕಾಲು ಹಿಡಿದಳು.

"ಅಳಬೇಡ್ವೇ. ಚೀಲದ ಬಾಯಿಂದ ಇಣುಕೋ ಥರ ತಲೆ ಬರೆದಾಯ್ತು. ಸುಣ್ಣ, ಉಪ್ಪು ಹಾಕಿ ಈ ಚೀಲದಲ್ಲಿ ಕಟ್ಟಿದೀನಿ. ಅದನ್ನೇ ಹಿಡ್ಕೊಂಡು ನಿಲ್ಲು, ಚಿತ್ರ ಮುಗಿದ ದಿನ ನಿಂದೇ. ಬಿಚ್ಚಿದ್ರೆ ಮಾತ್ರ ಕೆಟ್ಟೋಗ್ತದೆ, ಹುಷಾರು!"

ಅವಳು ಕೂಲಿಯನ್ನೂ ಕೇಳಲಿಲ್ಲ. ದಿನವಿಡೀ ಚೀಲವನ್ನು ತಬ್ಬಿ ನಿಂತಳು. "ಸೆಕೆ ಆಗ್ತಿದೆಯೇನೋ ಮಗಾ? ಸ್ವಲ್ಪ ತಡ್ಕೊಳಪ್ಪಾ, ಮನೆಗೆ ಹೋಗಾಣ," ಎಂದು ಪಿಸುಗುಟ್ಟಿ ಬಟ್ಟೆಗೆ ಮುತ್ತಿಟ್ಟಳು. ದಿಯನೋರಳ ಕತ್ತಿ ಹಿಡಿದ ಕೈ ನಗು ತಡೆಯಲಾರದೆ ಅಲುಗುತ್ತಿತ್ತು. ಪಾಪ, ಕೈ ಸೋತಿದೆ ಎಂದುಕೊಂಡಳು ಮುದುಕಿ.

ಚಿತ್ರ ಮುಗಿಯಿತು. ಕಾರ್ಮೋಸೀನ ನೆಲದಲ್ಲಿ ಕುಳಿತು ಗಂಟು ಬಿಚ್ಚಿದಳು. ಒಳಗಿದ್ದದ್ದು ಕುಂಬಳಕಾಯಿ.

"ಮೇಸ್ತ್ರೀ... ನನ್ನ ತಮ್ಮ ಎಲ್ಲಿ?"

"ಈ ಸೆಕೇಲಿ ತಲೆ ಎಷ್ಟು ದಿನ ತಡೀತದೆ? ಅವತ್ತೇ ಸಮುದ್ರಕ್ಕೆ ಎಸೆಸಿದೆ. ಹೇಳಿದ್ರೆ ನಿನ್ನ ಮುಖದಲ್ಲಿ ಆ ಪ್ರೀತಿ ಬರ್ತಿತ್ತೇನೇ? ನೋಡಿಲ್ಲಿ, ಎಷ್ಟು ಚೆನ್ನಾಗಿ ಬಂದಿದೀಯ!"

ದಿಯನೋರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇವರ ವಂಶ ಹಾಳಾಗ!

ಕಾರ್ಮೋಸೀನ ಎದ್ದು ಚಿತ್ರದ ಹತ್ತಿರ ಹೋದಳು. ತನ್ನ ಮುಖ ನೋಡಿಕೊಳ್ಳಲಿಲ್ಲ. ಚೀಲದ ಬಾಯಲ್ಲಿ ಅನಿಯೆಲ್ಲೋನ ತಲೆಯಿತ್ತು, ಕೆನ್ನೆಯ ಮೇಲೆ ರಕ್ತ. ತಲೆವಸ್ತ್ರದ ತುದಿಯನ್ನು ಎಂಜಲಲ್ಲಿ ನೆನೆಸಿ ಒರೆಸಲು ಕೈ ಚಾಚಿದಳು.

"ಏಯ್, ಮುಟ್ಟಬೇಡ! ಬಣ್ಣ ಇನ್ನೂ ಹಸಿ ಇದೆ," ಎಂದು ತಿಬೇರಿಯೊ ಅವಳನ್ನು ರಟ್ಟೆ ಹಿಡಿದು ಬಾಗಿಲಾಚೆ ನೂಕಿದ.