ಎದುರುಮನೆ ಅಕ್ಕನ ಆಪರೇಷನ್

ಕಣ್ಣು ಅರಿಶಿನದಷ್ಟು ಹಳದಿಯಾಗಿದ್ದರೂ ಎದುರುಮನೆ ಅಕ್ಕ ಜೋಳದ ರೊಟ್ಟಿ ಬಡಿಯುವುದನ್ನು ಬಿಟ್ಟಿರಲಿಲ್ಲ. ನಡುನಡುವೆ ಮೊಣಕೈಯಿಂದ ಪಕ್ಕೆ ಉಜ್ಜಿಕೊಳ್ಳುವರು. ಮೈಯೆಲ್ಲ ಅಷ್ಟು ತುರಿಕೆ.

ದಾವಣಗೆರೆ ಕಡೆಯಿಂದ ಬಂದು ಬಸವೇಶ್ವರನಗರದಲ್ಲಿ ಮನೆ ಮಾಡಿದ್ದವರು. ತಾಯಿಯಿಲ್ಲದೆ ಮದುವೆಯಾಗಿ ಬಂದ ನನ್ನನ್ನು ಆ ಬೀದಿಯಲ್ಲಿ ಮೊದಲು ಒಳಗೆ ಕರೆದದ್ದು ಅವರೇ. ಕಾಮಾಲೆ ಇರಬೇಕೆಂದು ನಾವೆಲ್ಲ ಸೇರಿ ಹೇರೋಹಳ್ಳಿಯ ನಾಟಿ ಔಷಧಿ ಕುಡಿಸಿದೆವು, ಉಪ್ಪಿಲ್ಲದ ಗಂಜಿಯ ಪಥ್ಯ ಹಿಡಿಸಿದೆವು. ಹಳದಿ ಇಳಿಯಲಿಲ್ಲ, ಅಕ್ಕ ಇಳಿದುಹೋದರು.

ಲಿವರಿನೊಳಗಿನ ಪಿತ್ತನಾಳದಲ್ಲಿ ಕ್ಯಾನ್ಸರ್ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ಎಂಬತ್ತರ ದಶಕದಲ್ಲಿ ರೋಗಿಗೆ ಆ ಹೆಸರು ಹೇಳುವ ರೂಢಿಯಿರಲಿಲ್ಲ. ಅವರ ಯಜಮಾನರು ನಮಗೆ ಹೇಳಿ ಹೆಂಡತಿಯಿಂದ ಮುಚ್ಚಿಟ್ಟರು. ಅಕ್ಕನಿಗೆ ಗುಸುಗುಸು ಆಗದು. ಡಾಕ್ಟರು ಬಂದಾಗ ಎದ್ದು ಕೂತು, "ಹೊಟ್ಟಿ ನಂದ್ರೀ. ನನಗ ಹೇಳ್ರಿ" ಎಂದರು.

ಲಿವರಿನ ಒಂದು ಭಾಗದ ಜೊತೆಗೆ ಪಕ್ಕದ ದುಗ್ಧರಸ ಗ್ರಂಥಿಗಳನ್ನೂ ತೆಗೆಯಬೇಕು, ರೋಗ ಹರಡುವಾಗ ಸಾಮಾನ್ಯವಾಗಿ ಮೊದಲು ಹೋಗುವುದೇ ಅಲ್ಲಿಗೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ಯಜಮಾನರು ನಡುವೆ ಬಾಯಿ ಹಾಕಿದರು. "ಅಷ್ಟೆಲ್ಲ ಬ್ಯಾಡ್ರಿ ಸಾರ್, ಆಕಿ ತಡಕೊಳ್ಳಂಗಿಲ್ಲ."

"ತಡಕೊಳ್ಳಾಕಿ ನಾನು," ಅಕ್ಕ ಗದರಿದರು. "ತೆಗೀರಿ ಡಾಕ್ಟ್ರೇ, ಒಂದೂ ಬಿಡಬ್ಯಾಡ್ರಿ."

ಇಷ್ಟಾದ ಮೇಲೂ ಆಪರೇಷನ್ ಕೋಣೆಯ ಬಾಗಿಲಲ್ಲಿ ಎಲ್ಲ ನಿಂತುಹೋಯಿತು. ಬಳೆ, ಮೂಗುತಿ ಬಿಚ್ಚಿಕೊಟ್ಟ ಅಕ್ಕ ಕೊರಳಿನ ಇಷ್ಟಲಿಂಗ ಮುಟ್ಟಗೊಡಲಿಲ್ಲ. ಜೀವ ಇರುವವರೆಗೆ ಅದು ಮೈಬಿಡಬಾರದು.

"ರೂಲ್ಸ್ ಇದೆ ಅಮ್ಮ," ಎಂದಳು ನರ್ಸ್.

"ನಾನು ಇಟ್ಕೊಂತೀನಿ, ಕೊಡು," ಎಂದರು ಯಜಮಾನರು.

"ನಿಮ್ಮದು ನಿಮ್ಮ ಕೊಳ್ಳಾಗ ಐತಿ. ಇದು ನಂದು. ಆಗಂಗಿಲ್ಲ ಅಂದ್ರ ಮನಿಗೆ ಹೊಂಟೆ."

ಹೋಗಿಯೇಬಿಡುತ್ತಾರೆ ಎಂದು ನಾನು ಅವರ ಕೈ ಹಿಡಿದುಕೊಂಡೆ. ಕೊನೆಗೆ ಡಾಕ್ಟರೇ ಹೊರಬಂದು, ಲಿಂಗವನ್ನು ಶುದ್ಧ ಮಾಡಿದ ಬಟ್ಟೆಯಲ್ಲಿ ಸುತ್ತಿ ಅವರ ತೋಳಿಗೆ ಕಟ್ಟಿಸಿದರು. "ಈಗ ಮಲಗ್ತೀರಾ ಅಮ್ಮ?"

"ಹೂಂ, ನಡೀರಿ," ಎಂದರು ಅಕ್ಕ.

ತೆಗೆದ ಗ್ರಂಥಿಗಳ ಪೈಕಿ ಒಂದರಲ್ಲಿ ರೋಗವಿತ್ತೆಂದು ಕೆಲವು ದಿನದ ಮೇಲೆ ಡಾಕ್ಟರು ಹಾಸಿಗೆಯ ಬಳಿ ಬಂದು ಹೇಳಿದರು. ಯಜಮಾನರು ಅಲ್ಲೇ ಅತ್ತುಬಿಟ್ಟರು.

"ಈಗ ಅದು ಎಲ್ಲೈತ್ರಿ?" ಅಕ್ಕ ಕೇಳಿದರು.

"ಲ್ಯಾಬ್‌ನಲ್ಲಿದೆ, ಬಾಟ್ಲಿಯೊಳಗೆ."

"ಅಲ್ಲೇ ಇರಲಿ ಬಿಡ್ರಿ."

ಎರಡು ವರ್ಷದ ಮೇಲೆ ರೋಗ ಮತ್ತೆ ಬಂತು, ಅಕ್ಕ ಹೋದರು. ಅಷ್ಟೆಲ್ಲ ಕೊಯ್ಯಿಸಿಕೊಂಡು ಏನು ಬಂತು ಎಂದು ಬೀದಿಯಲ್ಲಿ ಯಾರೋ ಅಂದದ್ದಕ್ಕೆ ನನಗೆ ಇವತ್ತಿಗೂ ಸಿಟ್ಟಿದೆ. ಆ ಎರಡು ವರ್ಷದೊಳಗೆ ನನಗೆ ಮಗಳು ಹುಟ್ಟಿದಳು. ಬಾಣಂತನ ಮಾಡಿದವರು ಅಕ್ಕ. ತಮ್ಮ ಹೊಟ್ಟೆಗೆ ಹೊಲಿಗೆ ಹಾಕಿದ ಜಾಗ ಎಳೆದರೆ ತುಟಿ ಕಚ್ಚಿಕೊಂಡು, ಬಚ್ಚಲಲ್ಲಿ ಕಾಲು ಚಾಚಿ ಕೂತು, ದಿನವೂ ಮಗುವನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆದರು. ಅದು ಚೀರಿದಷ್ಟೂ ಅವರಿಗೆ ಖುಷಿ. "ಅಳವ್ವಾ, ಅಳು. ಗಟ್ಟಿ ಆಗ್ತಿ."