ಹೊಂಬಣ್ಣದ ಮೀನು

ಕುಶಾಲನಗರದಲ್ಲಿ ಅಕ್ವೇರಿಯಂ ಮೀನಿನ ಅಂಗಡಿ ಇಟ್ಟಿರುವ ಉಷಾರಾಣಿ ಯಾರನ್ನೂ ನಂಬಿಸಿ ಮೋಸ ಮಾಡಿದವಳಲ್ಲ. ಯಾವ ಮೀನು ಯಾವುದರ ಜೊತೆ ಬಾಳುತ್ತದೆ, ಯಾವುದು ಬಾಳುವುದಿಲ್ಲ ಎಂದು ಗಿರಾಕಿಗಳು ಕೇಳದಿದ್ದರೂ ಹೇಳುವುದು ಅವಳ ರೂಢಿ.

ಆ ಬೆಳಿಗ್ಗೆ ಬಂದವರು ರಂಗಮ್ಮ. ಹಿಂದೊಮ್ಮೆ ಮಗನಿಗೆ ಹೆಣ್ಣು ನೋಡಲು ಉಷಾಳ ಮನೆಗೆ ಬಂದು, ಉಪ್ಪಿಟ್ಟು ಕೇಸರಿಬಾತು ತಿಂದು, ಅವಳ ಎದುರಿಗೇ "ಹುಡುಗಿ ಕಪ್ಪಾಯ್ತು" ಎಂದು ಎದ್ದುಹೋಗಿದ್ದವರು. ಅವರಿಗೆ ಇವಳ ಗುರುತು ಹತ್ತಲಿಲ್ಲ. ಉಷಾ ಮಾತ್ರ ನೋಡಿದ ಕೂಡಲೇ ಗುರುತಿಸಿದಳು.

"ಗಾಜೆಲ್ಲ ಪಾಚಿ ಕಟ್ಕಂಡದೆ ಕಣವ್ವ. ಅದನ್ನ ತಿನ್ನೋ ಮೀನು ಕೊಡು. ನನ್ ಗೋಲ್ಡ್ ಫಿಶ್‌ಗಳು ಮಕ್ಕಳಿದ್ದಂಗೆ, ನೋಡು ಮತ್ತೆ."

ಮೂತಿಯ ಮೇಲೆ ಮುಳ್ಳಿನಂಥ ಮೀಸೆಯಿದ್ದ ಕಪ್ಪು ಸಕ್ಕರ್ ಮೀನನ್ನು ಉಷಾ ತೋರಿಸಿದಳು. ಗಾಜಿಗೆ ಅಂಟಿಕೊಂಡು, ಪಾಚಿ ಕೆರೆದು ತಿಂದು, ತನ್ನ ಪಾಡಿಗೆ ತಾನಿರುವ ಮೀನು ಅದು.

"ಥೂ, ಇದೇನವ್ವ, ಇದ್ದಿಲು ತುಂಡು! ಆ ಚಿನ್ನದ ಬಣ್ಣದ್ದು ತೋರ್ಸು. ಹಾಂ, ಎಷ್ಟು ಲಕ್ಷಣವಾಗದೆ! ನಮ್ಮವುಕ್ಕೆ ಹೊಂದ್ಕತದಾ?"

ಆ ಹೊಂಬಣ್ಣದ ಮೀನು ಎಳೆಯದಾಗಿದ್ದಾಗ ಪಾಚಿ ತಿನ್ನುತ್ತದೆ. ಬಲಿತ ಮೇಲೆ ಗೋಲ್ಡ್ ಫಿಶ್‌ಗಳ ಮೈಗೇ ಅಂಟಿ, ಲೋಳೆ ಹೀರಿ ಗಾಯ ಮಾಡುತ್ತದೆ. ಹೇಳಬೇಕಾದ ಮಾತು ಉಷಾಳ ನಾಲಗೆಯ ತುದಿಗೆ ಬಂತು. ಏನೂ ತಪ್ಪು ಮಾಡದ ಆ ಗೋಲ್ಡ್ ಫಿಶ್‌ಗಳು ಕಣ್ಣ ಮುಂದೆ ಈಜಿದವು. ಆದರೂ ಅವಳು ಮಾತನ್ನು ನುಂಗಿಕೊಂಡಳು.

"ನೀವೇ ಬಣ್ಣ ನೋಡಿ ಆರಿಸಿದ್ದಲ್ವಾ ಅಮ್ಮ," ಎಂದು ನಕ್ಕಳು. "ಹೊಂದ್ಕೊಳ್ದೆ ಏನು?"

ಮೀನು ದಾರಿಯಲ್ಲಿ ಸಾಯಬಾರದೆಂದು ಪ್ಲಾಸ್ಟಿಕ್ ಚೀಲಕ್ಕೆ ಇನ್ನಷ್ಟು ಗಾಳಿ ತುಂಬಿ, ರಬ್ಬರ್ ಬ್ಯಾಂಡ್ ಬಿಗಿದು ಕೊಟ್ಟಳು.