ಶೀಘ್ರ ಮಧ್ಯಸ್ಥಿಕೆಗೆ ಬಂದ ಯಜಮಾನರು

ಗೆಳೆಯರೇ, ಇವತ್ತು ಚಾಮರಾಜನಗರದ ಸಭೆಗೆ ನನ್ನ ಜೊತೆ ಸಂತೆಮರಹಳ್ಳಿಯಿಂದ ನಮ್ಮ ಬೀದಿಯ ಯಜಮಾನರೂ ಬಂದಿದ್ದರು. ಬೆಳವಣಿಗೆ ಕುಂಠಿತವಾದ ಎಳೆಮಕ್ಕಳಿಗೆ ಬೇಗ ಚಿಕಿತ್ಸೆ ಕೊಡಿಸಲು ಯೋಜನೆ ಮಾಡುವ ಸಭೆ ಅದು. ಎರಡು ತುಂಬುತ್ತಾ ಬಂದರೂ ನನ್ನ ಮಗಳು ತಾನಾಗಿ ಕೂರುವುದಿಲ್ಲ. ಆದರೆ ಇಂಗ್ಲಿಷಿನ ‘ಅರ್ಲಿ ಇಂಟರ್ವೆನ್ಷನ್’ ಅನ್ನು ಕನ್ನಡಕ್ಕೆ ತಂದು ಸಭೆಗೆ ಇಟ್ಟ ಹೆಸರು ‘ಶೀಘ್ರ ಮಧ್ಯಸ್ಥಿಕೆ’. ಬೀದಿಯ ಜಗಳಗಳನ್ನೆಲ್ಲ ಬಗೆಹರಿಸುವ ಯಜಮಾನರು ಇದು ತಮ್ಮದೇ ಕೆಲಸವೆಂದು ಶಲ್ಯ ಹೊದ್ದು ಬಸ್ಸು ಹತ್ತಿದ್ದರು.

ಕೂತವರೇ ಕೇಳಿದರು, “ಜಗ್ಳ ಯಾರ್ ಯಾರ್ಗೆ ಸಾ?”

ಅಧಿಕಾರಿಗಳೆಲ್ಲ ನಕ್ಕರು. “ಇಲ್ಲಿ ಜಗಳ ಇಲ್ಲ ಯಜಮಾನ್ರೇ, ಇದು ಮಕ್ಕಳ ಯೋಜನೆ.”

ಸಭೆ ಶುರುವಾಯಿತು. ಚಿಕಿತ್ಸೆ ಕೊಡುವವರನ್ನು ಯಾರು ನೇಮಿಸಬೇಕು ಎಂಬ ಮಾತು ಬಂತು.

“ಅಂಗನವಾಡಿ ವಯಸ್ಸಿನ ಮಕ್ಕಳು, ನಿಮಗೇ ಬರ್ತವೆ” ಎಂದರು ಒಂದು ಇಲಾಖೆಯವರು.

“ಚಿಕಿತ್ಸೆ ಅಂದಮೇಲೆ ನಿಮ್ದೇ” ಎಂದರು ಇನ್ನೊಂದು ಇಲಾಖೆಯವರು.

ಊಟದ ಹೊತ್ತಿನವರೆಗೂ ಇದೇ ನಡೆಯಿತು. ಮಗಳು ನನ್ನ ತೊಡೆಯ ಮೇಲೆ ನಿದ್ದೆಹೋದಳು.

ಯಜಮಾನರು ಶಲ್ಯ ಸರಿಮಾಡಿಕೊಂಡು ಎದ್ದರು. “ಗಂಡ ಎಂಡ್ತಿ ಬುಟ್ಬುಟ್ಟಾಗ ಮಗ ನಂದು, ನಂದು ಅಂತ ಕಿತ್ತಾಡ್ಕಂಡು ನಮ್ತಾವ್ಕೆ ಬತ್ತರೆ. ನಂದಲ್ಲ, ನಿಂದು ಅಂತ ಕಿತ್ತಾಡೋರ್ನ ಇವತ್ತೇ ನೋಡ್ತಾ ಇರದು ಕಣಪ್ಪ.”

ಅಧಿಕಾರಿಗಳು ಗಡಿಯಾರ ನೋಡಿಕೊಂಡರು. ಸಭೆಯನ್ನು ಮುಂದಿನ ತಿಂಗಳಿಗೆ ಹಾಕಿ ಊಟಕ್ಕೆ ಎದ್ದರು.

ಮಧ್ಯಸ್ಥಿಕೆಯೇನೋ ಆಯಿತು. ಆ ‘ಶೀಘ್ರ’ ಯಾವ ಇಲಾಖೆಗೆ ಬರುತ್ತದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.